ಬೆನ್ನಿಗೆ ಒಂಬತ್ತು ಬರೆಸಿಕೊಂಡ ವೀರ

ಬಸ್ಸಿನಲ್ಲಿ ಕೂತಾಗ ರಸ್ತೆ ಬದಿಯ ಕಲ್ಲುಗಳನ್ನು ಓದುವ ಚಾಳಿ ನನಗೆ ಯಾವಾಗ ಅಂಟಿತೋ ಹೇಳಲಾರೆ. ಕಿಲೋಮೀಟರಿನ ಕಲ್ಲು, ಸೇತುವೆಯ ನಂಬರಿನ ಕಲ್ಲು, ‘ಕೋಟೆಗೆ ಹೋಗುವ ದಾರಿ’ ಎಂದು ಬಾಣ ಬರೆದ ಫಲಕ, ಯಾರದೋ ನೆನಪಿಗೆ ಯಾರೋ ಕಟ್ಟಿಸಿದ ಕಟ್ಟೆಯ ಮೇಲಿನ ನಾಲ್ಕು ಸಾಲು, ಯಾವುದನ್ನೂ ಬಿಡುವುದಿಲ್ಲ. ಬಸ್ಸು ಜೋರಾಗಿ ಓಡಿ ಒಂದು ಫಲಕ ಅರ್ಧಕ್ಕೇ ತಪ್ಪಿಹೋದರೆ ಮುಂದಿನ ಊರು ಬರುವ ತನಕ ನನಗೆ ಸಮಾಧಾನವಿಲ್ಲ. ನನ್ನ ಹೆಂಡತಿಗೆ ಇದನ್ನು ಕಂಡರೆ ಆಗದು. “ಬಾಜೂಕ ಕೂತ ಮನಷ್ಯಾರ ಮಾರಿ ನೋಡಂಗಿಲ್ಲ, ಕಲ್ಲಿನ ಮಾರಿ ನೋಡ್ತೀರಿ. ಕಲ್ಲು ನಿಮಗ ಚಹಾ ಮಾಡಿ ಕೊಡ್ತದೇನು?” ಎಂದು ಕೇಳುತ್ತಾಳೆ. ಚಹಾ ಮಾಡಿಕೊಡುವುದಿಲ್ಲ, ನಿಜ. ಆದರೆ ಒಂದು ಕಲ್ಲು ಒಮ್ಮೆ ನನ್ನ ಕಿವಿ ಹಿಂಡಿತ್ತು. ಅದನ್ನು ಹೇಳಬೇಕೆಂದೇ ಈಗ ಕೂತಿದ್ದೇನೆ.

ಹೇಳುವ ಮೊದಲು ಒಂದು ಎಚ್ಚರಿಕೆ. ನನ್ನ ಹತ್ತಿರ ಈ ಸಂಗತಿಗೆ ಇಬ್ಬರು ಸಾಕ್ಷಿಗಳಿದ್ದಾರೆ. ಒಬ್ಬನ ಹೆಸರು ನೆನಪು, ಇನ್ನೊಬ್ಬನ ಹೆಸರು ದಿನಚರಿ. ಇಬ್ಬರಿಗೂ ಮಾತುಕತೆ ಇಲ್ಲ. ನೆನಪು ದೊಡ್ಡ ಬಾಯಿಯದು, ಕೇಳಿದ್ದಕ್ಕಿಂತ ಹೆಚ್ಚು ಹೇಳುತ್ತದೆ. ದಿನಚರಿಯೋ ಸಂಕೋಚದ ಪ್ರಾಣಿ. ನನ್ನ ಜೀವನದ ಅತ್ಯಂತ ದೊಡ್ಡ ದಿನ ಎಂದು ನಾನು ಇವತ್ತಿಗೂ ಎದೆಯುಬ್ಬಿಸಿಕೊಳ್ಳುವ ಆ ಸೋಮವಾರದ ಪುಟ ತೆರೆದರೆ ಅಲ್ಲಿರುವುದು ಇಷ್ಟೇ: ‘ಬಿಸಿಲು. ದನಗಳು ಬಹಳ. ಅಂಗೈ ಬೊಬ್ಬೆ ಎದ್ದಿದೆ.’

ನಾನು ಬೆಳೆದದ್ದು ಬೈಲಹೊಂಗಲದಲ್ಲಿ. ನಮ್ಮ ತಂದೆಯ ಕಡೆಯವರು ತಲೆಮಾರುಗಳಿಂದ ಪಂಚಾಂಗ ಓದಿ, ಪುರಾಣ ಹೇಳಿ ಬದುಕಿದವರು. ತಂದೆ ಮಾತ್ರ ಕನ್ನಡ ಶಾಲೆಯ ಮಾಸ್ತರರಾದರು. ಪುರಾಣ ಹೇಳುವ ದನಿ ಅವರಿಗೆ ಬಳುವಳಿಯಾಗಿ ಬಂದಿತ್ತು, ಹೇಳಲು ಪುರಾಣದ ಬದಲು ಇತಿಹಾಸ ಸಿಕ್ಕಿತು, ಅಷ್ಟೇ. ಬೈಲಹೊಂಗಲವೆಂದರೆ ಕಿತ್ತೂರ ರಾಣಿಯ ಸಮಾಧಿ ಇರುವ ಊರು. ಅದರ ಮುಂದೆ ಹಾಯುವಾಗಲೆಲ್ಲ ತಂದೆ ಚಪ್ಪಲಿ ಬಿಡುತ್ತಿದ್ದರು, ನಮ್ಮಿಂದಲೂ ಬಿಡಿಸುತ್ತಿದ್ದರು. ಕಿತ್ತೂರಿಗೆ ಕರೆದೊಯ್ದಾಗ ಕೋಟೆಯ ಬಾಗಿಲಲ್ಲಿದ್ದ ಫಲಕವನ್ನು ನಾನು ಗಟ್ಟಿಯಾಗಿ ಓದಬೇಕು, ಉಳಿದವರು ಕೈಕಟ್ಟಿ ಕೇಳಬೇಕು. ಓದಿ ಮುಗಿದ ಮೇಲೆಯೇ ಬುತ್ತಿ ಬಿಚ್ಚುವುದು. ಹಸಿದ ಹುಡುಗ ಎಷ್ಟು ಬೇಗ ಇತಿಹಾಸ ಓದಬಲ್ಲ ಎಂಬುದನ್ನು ಆ ಫಲಕವೇ ಹೇಳಬೇಕು. ಕೋಟೆ ನೋಡಲೆಂದು ತಂದೆ ನನ್ನನ್ನು ಹೆಗಲ ಮೇಲೆ ಹೊತ್ತಿದ್ದು ನನಗೆ ಕಣ್ಣಿಗೆ ಕಟ್ಟಿದಂತಿದೆ. ಅಕ್ಕ ಮಾತ್ರ, “ಹೊತ್ತಿದ್ದು ನನ್ನ. ನೀ ಕೆಳಗ ನಿಂತು ಅಳಲಿಕ್ಕೆ ಹತ್ತಿದ್ದಿ” ಎನ್ನುತ್ತಾಳೆ. ಆಕೆ ನನಗಿಂತ ಆರು ವರ್ಷ ದೊಡ್ಡವಳು. ಅವಳ ಮಾತೇ ನಿಜವಿರಬೇಕು. ಆದರೂ ಆ ಹೆಗಲಿನ ಎತ್ತರದಿಂದ ಕಂಡ ಬುರುಜನ್ನು ನಾನು ಅವಳಿಗೆ ಬಿಟ್ಟುಕೊಡಲಾರೆ.

ಅಜ್ಜಿಯ ತವರು ರಾಮದುರ್ಗದ ಕಡೆ. ರಾಮದುರ್ಗ ಆಗ ಬೇರೆ ಸಂಸ್ಥಾನ. ತಾನು ಸಣ್ಣವಳಿದ್ದಾಗ ಗಡಿಯ ಕಲ್ಲಿನ ಈಚೆ ಒಂದು ಕಾಲು, ಆಚೆ ಒಂದು ಕಾಲು ಇಟ್ಟು ನಿಂತು, “ಈಗ ನಾ ಯಾರ ಪ್ರಜಾ? ಹೇಳ್ರಿ” ಎಂದು ದೊಡ್ಡವರನ್ನು ಕಾಡುತ್ತಿದ್ದಳಂತೆ. ಚಚಡಿಯ ದೇಸಾಯರ ದೊಡ್ಡ ವಾಡೆಯ ಮುಂದೆ ನಿಂತು, “ಒಳಗ ಎಷ್ಟು ಕ್ವಾಣಿ ಅದಾವು?” ಎಂದು ಕೇಳಿದ ನನಗೆ ಅಲ್ಲಿನ ಮುದುಕನೊಬ್ಬ, “ಕಸಾ ಹೊಡ್ಯಾಕಿ ಒಬ್ಬಾಕಿಗೇ ಗೊತ್ತದು” ಎಂದಿದ್ದ. ಇತಿಹಾಸದ ಬಗ್ಗೆ ಅಷ್ಟು ಸರಿಯಾದ ಉತ್ತರವನ್ನು ಮುಂದೆ ವಿಶ್ವವಿದ್ಯಾಲಯದಲ್ಲೂ ನಾನು ಕೇಳಲಿಲ್ಲ. ಆದರೆ ಆ ವಯಸ್ಸಿಗೆ ಅದು ತಲೆಗೆ ಹೋಗಲಿಲ್ಲ. ಎಲ್ಲಿ ಫಲಕವಿದೆಯೋ ಅಲ್ಲಿ ಇತಿಹಾಸ ನಡೆದಿದೆ, ಫಲಕವಿಲ್ಲದ ಕಡೆ ಬರೀ ಜನ ಇದ್ದು ಹೋಗಿದ್ದಾರೆ ಎಂದೇ ನಾನು ತಿಳಿದಿದ್ದೆ. ನಮ್ಮ ಸೀಮೆಯಲ್ಲಿ ಕತ್ತಿ ಹಿಡಿದವರೆಲ್ಲ ಕಿತ್ತೂರಿನವರು ಎಂದೂ ತಿಳಿದಿದ್ದೆ. ಈ ಎರಡು ತಿಳುವಳಿಕೆಗಳನ್ನು ಹೊತ್ತುಕೊಂಡೇ ಧಾರವಾಡಕ್ಕೆ ಹೋಗಿ ಇತಿಹಾಸದಲ್ಲಿ ಎಂ.ಎ. ಮಾಡಿಕೊಂಡು ಬಂದೆ.

ಎಪ್ಪತ್ತರ ದಶಕದ ಮೊದಲ ವರ್ಷಗಳು. ನವಿಲುತೀರ್ಥದ ಅಣೆಕಟ್ಟಿನ ಸುದ್ದಿ ಎಲ್ಲರ ಬಾಯಲ್ಲಿದ್ದ ಕಾಲ. ನನಗೆ ಇನ್ನೂ ನೌಕರಿ ಇರಲಿಲ್ಲ. ಬೇಸಿಗೆ ಕಳೆಯಲು ಅಕ್ಕ ಸಿಂಧುವಿನ ಗಂಡನ ಊರಿಗೆ ಹೋದೆ. ಅದು ಸವದತ್ತಿಯಿಂದ ರಾಮದುರ್ಗಕ್ಕೆ ಹೋಗುವ ದಾರಿಯಲ್ಲಿ, ಕಟಕೋಳಕ್ಕೆ ಹತ್ತಿರದ ಸಣ್ಣ ಊರು. ಹೆಸರು ಬರೆಯುವುದಿಲ್ಲ. ಬರೆದರೆ ಊರಿನವರು ನನ್ನ ತಪ್ಪುಗಳನ್ನು ತಿದ್ದಿ ಕಾಗದ ಹಾಕುತ್ತಾರೆ, ಮತ್ತು ಅವರೇ ಸರಿ ಇರುತ್ತಾರೆ. ಭಾವನದು ಜೋಯಿಸರ ಮನೆತನ. ಮುಹೂರ್ತ ಹೇಳುವುದನ್ನು ಬಿಟ್ಟು ಹಿಟ್ಟಿನ ಗಿರಣಿ ಹಾಕಿದ್ದ. ಜೋಳ ಹಿಡಿದುಕೊಂಡು ಬಂದ ಹೆಂಗಸರು ಪಾಳಿಗೆ ನಿಂತಲ್ಲೇ, “ಜೋಯಿಸರ, ಮಗಳನ್ನ ಯಾವತ್ತು ಕಳಸ್ಲಿ?” ಎಂದು ಕೇಳುತ್ತಿದ್ದರು. ಅವನು ಗಿರಣಿಯ ಸದ್ದಿನ ನಡುವೆ, “ಗುರುವಾರ! ಇನ್ನ ಸಣ್ಣಗ ಬೀಸ್ಲೇನು?” ಎಂದು ಕೂಗುತ್ತಿದ್ದ.

ಆ ಊರಿನ ಸರಹದ್ದಿನಲ್ಲಿ ರಸ್ತೆಯನ್ನು ನೋಡಿಕೊಳ್ಳುತ್ತಿದ್ದವನು ಫಕೀರಪ್ಪ. ಆಗ ಪ್ರತಿ ಮೈಲಿಗೆ ಒಬ್ಬ ಮೈಲಕೂಲಿ ಇರುತ್ತಿದ್ದ. ತನ್ನ ಮೈಲಿಯ ತಗ್ಗು ತುಂಬುವುದು, ಅಂಚಿನ ಹುಲ್ಲು ಕೆತ್ತುವುದು, ಗಿಡಗಳಿಗೆ ಕೆಮ್ಮಣ್ಣು ಬಳಿಯುವುದು, ವರ್ಷಕ್ಕೊಮ್ಮೆ ಮೈಲಿಗಲ್ಲಿಗೆ ಸುಣ್ಣ ಹಚ್ಚಿ ಅಂಕಿಗೆ ಕಪ್ಪು ತಿದ್ದುವುದು ಅವನ ಕೆಲಸ. ಫಕೀರಪ್ಪ ‘ನನ್ನ ಮೈಲ’ ಎಂದು ಹೇಳುತ್ತಿದ್ದ ಧಾಟಿಯಲ್ಲಿ ರೈತರೂ ‘ನನ್ನ ಹೊಲ’ ಎನ್ನುತ್ತಿರಲಿಲ್ಲ. ಅವನ ಮೈಲಿಗಲ್ಲು ಉಳಿದವುಗಳಂತೆ ಇರಲಿಲ್ಲ. ಎದೆಯೆತ್ತರಕ್ಕಿತ್ತು, ಅಗಲವಾಗಿತ್ತು. ರಸ್ತೆಯ ಕಡೆಯ ಮೈ ಸಪಾಟು, ಬಿಳಿ ಸುಣ್ಣದ ಮೇಲೆ ‘ರಾಮದುರ್ಗ ೯’. ಹಿಂದೆ ಹೋಗಿ ನೋಡಿದರೆ ಹೊಲದ ಕಡೆಗೆ ಮುಖ ಮಾಡಿ ಒಬ್ಬ ವೀರ ಕತ್ತಿ ಗುರಾಣಿ ಹಿಡಿದು ನಿಂತಿದ್ದ. ಮೇಲಿನ ಪಟ್ಟಿಯಲ್ಲಿ ಅವನನ್ನು ಅಪ್ಸರೆಯರು ಎತ್ತಿಕೊಂಡು ಹೋಗುತ್ತಿದ್ದರು. ಅದರ ಮೇಲೆ ಲಿಂಗ, ಸೂರ್ಯ, ಚಂದ್ರ. ಮೊಣಕಾಲಿನ ಕೆಳಗಿನದೆಲ್ಲ ಮಣ್ಣಿನಲ್ಲಿ ಹೂತಿತ್ತು.

“ಇದ್ಯಾಕ ಹಿಂಗ?” ಎಂದು ಕೇಳಿದ್ದಕ್ಕೆ ಫಕೀರಪ್ಪ ಹೇಳಿದ: “ನಮ್ಮ ಮುತ್ತ್ಯಾನ ಕಾಲಕ್ಕ ರಸ್ತಾ ಮಾಡಿದ್ರಂತ್ರಿ. ಮೈಲಿಗಲ್ಲು ತರೂ ಚಕ್ಕಡಿ ಹಳ್ಳದಾಗ ಬಿದ್ದು ಒಂದು ಕಲ್ಲು ಒಡದು ಹೋತಂತ. ಒಂಬತ್ತನೇದ್ದಕ್ಕ ಕಲ್ಲಿಲ್ಲ. ಇಂವ ಇಲ್ಲೇ ಬರೋಬ್ಬರಿ ಜಾಗಾದಾಗ ನಿಂತಿದ್ದ ನೋಡ್ರಿ, ಇವನ ಬೆನ್ನಿಗೇ ಬರದ್ರು. ಮೊದಲಿನ ಹಾದಿ ಹೊಲದ ಕಡಿಂದ ಇತ್ತಂತ. ಹೊಸಾ ಹಾದಿ ಇವನ ಬೆನ್ನ ಹಿಂದಕ್ಕ ಬಂತು.”

ಹೊಲ ನೀಲವ್ವನದು. ಅರವತ್ತು ದಾಟಿದ, ಸೊಂಟಕ್ಕೆ ಸೆರಗು ಬಿಗಿದ ಹೆಂಗಸು. ಅವಳಿಗೆ ಆ ವೀರ ‘ಕಲ್ಲಪ್ಪ’. ಎಳ್ಳ ಅಮಾವಾಸ್ಯೆಗೆ ಹೊಲಕ್ಕೆ ಚರಗವೆಂದು ಹಬ್ಬದ ಅಡುಗೆ ಚೆಲ್ಲುವಾಗ ಅವನಿಗೂ ಒಂದು ತುತ್ತು ಇಡುತ್ತಿದ್ದಳು, ಆಗಾಗ ಎಣ್ಣೆ ಹಚ್ಚುತ್ತಿದ್ದಳು. ಬಿಳಿಜೋಳ ಎತ್ತರ ಬೆಳೆದಿರುವ ತಿಂಗಳುಗಳಲ್ಲಿ ಅವನು ಯಾರಿಗೂ ಕಾಣುತ್ತಿರಲಿಲ್ಲ. ಅವನಿಗೆ ಜಗತ್ತು ಕಾಣುತ್ತಿದ್ದುದು ಸುಗ್ಗಿಯಾದ ಮೇಲೆ ಮಾತ್ರ.

ನಾನು ಹೋದ ವಾರವೇ ಫಕೀರಪ್ಪ ಗಿರಣಿಯ ಕಟ್ಟೆಗೆ ಬಂದು ಮಂಕಾಗಿ ಕೂತ. ಮೈಲಿ ಹೋಗಿ ಕಿಲೋಮೀಟರು ಬಂದಿತ್ತು. ಹಳೆಯ ಮೈಲಿಗಲ್ಲುಗಳನ್ನೆಲ್ಲ ಕಿತ್ತು, ಒಡೆದು ಖಡಿ ಮಾಡಿ, ರಸ್ತೆಗೇ ಹಾಕಬೇಕೆಂದು ಹುಕುಮಾಗಿತ್ತು.

“ನನ್ನ ಮೈಲದ ಕಲ್ಲು ನಾನ ಒಡೀಬೇಕ್ರಿ ರಾಯರ,” ಎಂದ. “ಇಪ್ಪತ್ತೆರಡು ವರ್ಷ ಆತು, ದೀಪಾವಳಿಗೆ ನನ್ನ ಮನೀಗೆ ಸುಣ್ಣಾ ಹಚ್ಚೂಕಿಂತ ಮೊದಲ ಇವಗ ಹಚ್ಚೀನಿ. ಈಗ ಈ ಕೈಲೇ ಸುತಗಿ ಎತ್ತು ಅಂತಾರ. ಹ್ಯಾಂಗ ಎತ್ತಲಿ?”

ಮರುದಿನ ಓವರಸಿಯರ್ ಸಾಹೇಬರ ಜೀಪು ಬಂತು. ಪೇಟೆಯಲ್ಲಿ ಬೆಳೆದವರು, ಕೆಟ್ಟವರಲ್ಲ, ಆದರೆ ಕಂಕುಳಲ್ಲಿ ಸದಾ ರಜಿಸ್ಟರ್. “ಇದರಾಗ ಇದು ಮೈಲಿಗಲ್ಲು ಅದ. ಅಂದಮ್ಯಾಲೆ ಮೈಲಿಗಲ್ಲೇ. ಆ ಕಡೆ ಯಾರ ಮಾರಿ ಅದ ಅಂತ ಬರಿಯೂ ಕಾಲಂ ಇಲ್ಲ ನನ್ನ ಹತ್ರ” ಎಂದರು. ಸುತ್ತ ಇಪ್ಪತ್ತು ಜನ ನಿಂತಿದ್ದರು. ಎಲ್ಲರೂ ನನ್ನನ್ನು ನೋಡಿದರು. ಧಾರವಾಡದಲ್ಲಿ ಎರಡು ವರ್ಷ ಕಲ್ಲಿನ ಬಗ್ಗೆಯೇ ಓದಿ ಬಂದವನು ಊರಲ್ಲಿ ನಾನೊಬ್ಬನೇ.

ಇಲ್ಲಿ ನಿಲ್ಲಿಸಿ ಹೇಳಬೇಕು. ಆಗ ನನ್ನೊಳಗೆ ಏನಾಯಿತೆಂದು ನಾನು ಹಲವು ಸಲ ಕೇಳಿಕೊಂಡಿದ್ದೇನೆ. ಫಕೀರಪ್ಪನ ಕೈ ಕಂಡು ಮರುಕವೇ? ಇಪ್ಪತ್ತು ಜನರ ನೋಟದ ಅಮಲೇ? ಗಂಟಲು ಸರಿಮಾಡಿಕೊಂಡು, ತಂದೆಯ ಪುರಾಣದ ದನಿಯಲ್ಲಿ, “ಇಂವ ಕಿತ್ತೂರಿನ ವೀರ. ರಾಣಿಯ ಸೈನ್ಯದಾಗ ಹೋರಾಡಿ ಇಲ್ಲಿ ಬಿದ್ದಾಂವ” ಎಂದುಬಿಟ್ಟೆ. ಕತ್ತಿ ಇತ್ತಲ್ಲ! ಕತ್ತಿ ಹಿಡಿದವರೆಲ್ಲ ಕಿತ್ತೂರಿನವರು. ಹೇಳುತ್ತಿದ್ದಾಗ ನನಗೂ ಅದು ನಿಜವೆಂದೇ ಅನ್ನಿಸಿತು. ಸುಳ್ಳಿನ ಅಪಾಯ ಇರುವುದೇ ಅಲ್ಲಿ, ಅದು ಹೇಳುವವನನ್ನು ಮೊದಲು ನಂಬಿಸುತ್ತದೆ.

ಸಾಹೇಬರ ಮುಖ ಬದಲಾಯಿತು. “ಕಿತ್ತೂರು ಅಂತೀರಿ? ಬರದು ಕೊಡ್ರಿ. ಕಿತ್ತೂರು ಅಂದ್ರ ಮ್ಯಾಲಿನವರೂ ಸುಮ್ಮನಾಗ್ತಾರ. ನಾ ಇದೊಂದು ಕಲ್ಲು ಬಿಡ್ತೀನಿ.” ನಾನು ಎರಡು ಪುಟ ಬರೆದೆ. ಕೆಳಗೆ ನನ್ನ ಹೆಸರು, ಅದರ ಮುಂದೆ ‘ಎಂ.ಎ.’ ಎಂದು ತುಸು ದೊಡ್ಡದಾಗಿ. ಊರವರು ಸಹಿ ಹಾಕಿದರು, ಬಾರದವರು ಹೆಬ್ಬೆಟ್ಟು ಒತ್ತಿದರು. ಅವತ್ತು ನೀಲವ್ವ ನನಗೆ ಒಂದು ಗಡಿಗೆ ಮಜ್ಜಿಗೆ ಕಳಿಸಿದಳು. ಕುಡಿದೆ. ಹುಳಿ ಇರಲಿಲ್ಲ.

ಎರಡು ದಿನದ ನಂತರ ಫಕೀರಪ್ಪ ಓಡಿಬಂದ. ಕಲ್ಲು ಉಳಿದ ಖುಷಿಗೆ ಅವನು ವೀರನಿಗೆ ಸುತ್ತಲೂ ಕಟ್ಟೆ ಕಟ್ಟಲು ಪಾಯ ಅಗೆಯುತ್ತಿದ್ದ. “ರಾಯರ, ಬರ್ರಿ. ನೆಲದಾಗಿಂದ ಆಕಳಾ ಹೊಂಡಾಕ ಹತ್ಯಾವ್ರಿ!”

ಹೋಗಿ ನೋಡಿದೆ. ವೀರನ ಮೊಣಕಾಲಿನ ಪಕ್ಕ ಮಣ್ಣಿನೊಳಗಿಂದ ಒಂದು ಕೊಂಬು ಮೂಡಿತ್ತು. ಫಕೀರಪ್ಪ ಗುದ್ದಲಿ ಬಿಟ್ಟು ಕೈಯಿಂದ ಮಣ್ಣು ಬಗೆದ. ಒಂದು ಆಕಳು ಹೊರಬಂತು. ಅದರ ಹಿಂದೆ ಇನ್ನೊಂದು. ಎಷ್ಟೋ ಕಾಲ ನೆಲದೊಳಗೆ ಮೇಯ್ದು ಈಗ ಮನೆಗೆ ಬರುತ್ತಿರುವ ಹಾಗೆ ಸಾಲಾಗಿ ಐದು. ಅವುಗಳ ಕೆಳಗೆ ಅಕ್ಷರದ ನಾಲ್ಕು ಸಾಲು. ಆ ಲಿಪಿಯ ಒಂದು ಅಕ್ಷರ ನೋಡಿದರೆ ಸಾಕು, ಇದು ಕಿತ್ತೂರಿಗಿಂತ ನೂರಾರು ವರ್ಷ ಹಳೆಯದೆಂದು ಮೊದಲ ವರ್ಷದ ವಿದ್ಯಾರ್ಥಿಯೂ ಹೇಳುತ್ತಾನೆ.

ಮಾರನೆಯ ಬೆಳಿಗ್ಗೆ, ಬಿಸಿಲು ಓರೆಯಾಗಿ ಬೀಳುವ ಹೊತ್ತಿಗೆ, ಗಿರಣಿಯಿಂದ ಒಂದು ಬೊಗಸೆ ಜೋಳದ ಹಿಟ್ಟು ತೆಗೆದುಕೊಂಡು ಹೋದೆ. ಹಿಟ್ಟನ್ನು ಕಲ್ಲಿಗೆ ತಿಕ್ಕಿ ಮೇಲಿನದನ್ನು ಒರೆಸಿಬಿಟ್ಟರೆ ತಗ್ಗಿನಲ್ಲಿ ಉಳಿದ ಹಿಟ್ಟು ಅಕ್ಷರವನ್ನು ತೋರಿಸುತ್ತದೆ. ಧಾರವಾಡದಲ್ಲಿ ಸೀಮೆಸುಣ್ಣದಿಂದ ಮಾಡುತ್ತಿದ್ದೆವು, ಇಲ್ಲಿ ಜೋಳ. ಅರ್ಧದಷ್ಟು ಸವೆದಿತ್ತು. ಉಳಿದದ್ದು ಹೇಳಿದ್ದು ಇಷ್ಟು: ಊರ ದನಗಳನ್ನು ಕಳ್ಳರು ಹೊಡೆದುಕೊಂಡು ಹೋದಾಗ ಒಬ್ಬ ಬೆನ್ನಟ್ಟಿ ಹೋಗಿ, ದನಗಳನ್ನು ಹಿಂದಿರುಗಿಸಿ, ತಾನು ಸತ್ತ. ಯಾವ ರಾಜನ ಹೆಸರೂ ಇಲ್ಲ. ಸತ್ತವನ ಹೆಸರಿದ್ದ ಜಾಗದಲ್ಲಿ ಕಲ್ಲು ಚಕ್ಕೆ ಎದ್ದಿತ್ತು.

ಅಕ್ಕ ರೊಟ್ಟಿ ಬಡಿಯುತ್ತಿದ್ದಳು. ಎಲ್ಲ ಹೇಳಿದೆ. “ಬರದದ್ದು ಬರದಿ. ಕಲ್ಲು ಉಳೀತು. ಸುಮ್ಮ ಕೂಡು” ಎಂದಳು. ನನಗೆ ನಿರಾಳವಾಯಿತು. ಆದರೆ ಅವಳು ಇನ್ನೊಂದು ರೊಟ್ಟಿ ಹಂಚಿಗೆ ಹಾಕಿ, ನೀರು ಸವರಿ, ಮೆಲ್ಲಗೆ ಮುಂದುವರಿಸಿದಳು. “ಖರೇ ಅಂದ್ರ, ಕಿತ್ತೂರಿಗೆ ಒಬ್ಬ ವೀರ ಹೆಚ್ಚಾದ್ರ ಏನೂ ಆಗೂದಿಲ್ಲ ತಮ್ಮಾ, ಅಲ್ಲಿ ಬೇಕಾದಷ್ಟು ಮಂದಿ ಇದ್ದಾರ. ಇವಗ ಇದ್ದದ್ದು ಒಂದ ಕಲ್ಲು. ಅದನ್ನೂ ನೀ ಇನ್ನೊಬ್ಬರಿಗೆ ಕೊಟ್ಟಿ.”

ಆ ಮಾತಿನ ಮೇಲೆ ನಾನು ರೊಟ್ಟಿ ಬಿಟ್ಟು ಎದ್ದೆ. ನಾನು ತಪ್ಪೊಪ್ಪಿಕೊಂಡದ್ದು ಪ್ರಾಮಾಣಿಕತೆಯಿಂದ ಎಂದು ಬರೆಯಲು ಆಸೆ. ಧಾರವಾಡದ ನಮ್ಮ ಗುರುಗಳ ಕಣ್ಣಿಗೆ ಆ ಕಾಗದ ಬಿದ್ದರೆ ಎಂಬ ಹೆದರಿಕೆಯೂ ಅದರಲ್ಲಿ ಪಾಲುದಾರ. ಯಾವುದು ಎಷ್ಟೆಂದು ದಿನಚರಿಯೂ ಹೇಳುವುದಿಲ್ಲ.

ಸಂಜೆ ಗಿರಣಿ ನಿಂತ ಮೇಲೆ ಕಟ್ಟೆಯಲ್ಲಿ ಜನ ಸೇರಿದ್ದಾಗ ಎದ್ದು ನಿಂತೆ. “ನಾ ಹೇಳಿದ್ದು ತಪ್ಪು. ಇಂವ ಕಿತ್ತೂರಿನವನಲ್ಲ, ಯಾವ ರಾಜನ ಸಿಪಾಯಿನೂ ಅಲ್ಲ. ಊರ ದನಾ ಕಳ್ಳರು ಒಯ್ದಾಗ ಬೆನ್ನಹತ್ತಿ ಹೋಗಿ, ದನಾ ಬಿಡಿಸಿ ಕಳಿಸಿ, ಸತ್ತಾಂವ” ಎಂದೆ. ತಲೆ ತಗ್ಗಿಸಿದ್ದೆ. ಇನ್ನು ಇವರಿಗೆ ಆ ಕಲ್ಲಿನ ಮೇಲೆ ಆಸೆ ಉಳಿಯುವುದಿಲ್ಲ, ಫಕೀರಪ್ಪ ಸುತ್ತಿಗೆ ಎತ್ತುವುದೇ ಸೈ ಎಂದುಕೊಂಡಿದ್ದೆ.

ನೀಲವ್ವ ಕೇಳಿದಳು, “ಯಾರ ದನಾ ಅಂದಿ?”

“ಊರ ದನಾ.”

“ಈ ಊರ ದನಾ?”

“ಕಲ್ಲು ಇಲ್ಲೇ ಅದ ಅಂದಮ್ಯಾಲೆ ಈ ಊರವೇ ಇರಬೇಕು.”

“ಅಯ್ಯ, ಹಂಗಾರ ನಮ್ಮಾಂವನ ಬಿಡು!” ಎಂದಳು ನೀಲವ್ವ, ತೊಡೆ ತಟ್ಟಿ. “ರಾಜಾಗ ಸತ್ರ ರಾಜಾ ಕಲ್ಲು ಹಾಕಸ್ತಾನ. ದನಕ್ಕ ಸತ್ತಾಂವಗ ಊರ ಹಾಕಿಸಿರಬೇಕು. ನಮ್ಮ ಮಂದೀನ ಹಾಕ್ಸ್ಯಾರ. ಅಂವ ಏನರ ಅವತ್ತ ಮನ್ಯಾಗ ಕುಂತಿದ್ರ, ಇವತ್ತ ನನ್ನ ಕೊಟಗ್ಯಾಗ ಏನ ಇರತಿತ್ತು?”

“ಹೆಸರೇನ್ರಿ ಅವಂದು?” ಎಂದು ಯಾರೋ ಕೇಳಿದರು. ಹೆಸರಿನ ಜಾಗ ಒಡೆದಿದೆ ಎಂದೆ.

“ಚಲೋನ ಆತು,” ಎಂದಳು ನೀಲವ್ವ. “ಹೆಸರಿದ್ರ ಒಂದ ಮನ್ಯಾವ್ರು ಒಯ್ತಿದ್ರು. ಈಗ ಎಲ್ಲಾರಿಗೂ ಬಂದ.”

ಇತಿಹಾಸದ ಎಂ.ಎ. ಪದವಿಯನ್ನು ಯಾರಾದರೂ ಹಿಂದಕ್ಕೆ ಕೊಡಬಹುದಾಗಿದ್ದರೆ ಆ ಸಂಜೆ ನಾನು ಅದನ್ನು ನೀಲವ್ವನ ಉಡಿಗೆ ಹಾಕುತ್ತಿದ್ದೆ.

ಉಳಿದದ್ದು ಸಾಹೇಬರು. ಸವದತ್ತಿಗೆ ಹೋಗಿ ಹೊಸ ಕಾಗದ ಕೊಟ್ಟೆ. ಓದಿ ಕೆಂಪಾದರು. “ಮೊನ್ನೆ ಕಿತ್ತೂರು ಅಂದ್ರಿ, ಇವತ್ತ ದನಾ ಅಂತೀರಿ. ನಾಳೆ ಮತ್ತೇನೋ ಅಂತೀರಿ. ದನಾ ಕಾದಾಂವ ಅಂತ ಬರದ್ರ ಮ್ಯಾಲಿನವರು ನಗತಾರ. ನಿಮ್ಮ ಎರಡೂ ಕಾಗದ ನನಗ ಬ್ಯಾಡ. ರಜಿಸ್ಟರ್ ಹೇಳಿದಂಗ ಮಾಡ್ತೀನಿ. ಸೋಮವಾರ ಗ್ಯಾಂಗ್ ತೊಗೊಂಡು ಬರ್ತೀನಿ, ಫಕೀರಪ್ಪಗ ಸುತಗಿ ತಯಾರ ಇಡು ಅನ್ರಿ.” ನನ್ನ ಎರಡೂ ಕಾಗದ ನನ್ನ ಕೈಗೇ ಬಂದವು.

ಬಸ್ಸಿನಲ್ಲಿ ವಾಪಸು ಬರುವಾಗ ಅಳು ಬಂದಿತ್ತು. ನಿಜ ಹೇಳಿ ಕಲ್ಲನ್ನು ಕೊಂದೆ ಎಂದು ಫಕೀರಪ್ಪನಿಗೆ ಹೇಳಿದೆ. ಅವನು ಒಂದೇ ಪ್ರಶ್ನೆ ಕೇಳಿದ: “ಯಾವತ್ತ ಬರ್ತೇನಿ ಅಂದಾರ್ರಿ?”

“ಸೋಮವಾರ.”

ಫಕೀರಪ್ಪ ನನ್ನನ್ನೇ ನೋಡಿದ. ಮೊದಲ ಸಲ ಅವನ ಮೀಸೆಯ ಕೆಳಗೆ ನಗೆ ಕಂಡೆ. “ಸಾಹೇಬ್ರು ಪ್ಯಾಟ್ಯಾಗ ಬೆಳದಾವ್ರು ನೋಡ್ರಿ,” ಎಂದಷ್ಟೇ ಹೇಳಿ ನೀಲವ್ವನ ಮನೆಯ ಕಡೆ ಹೋದ.

ಊರಲ್ಲಿ ಹುಟ್ಟಿ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ನಮ್ಮ ಕಡೆ ಸೋಮವಾರ ಎತ್ತಿನ ಹೆಗಲ ಮೇಲೆ ನೊಗ ಇಡುವುದಿಲ್ಲ. ಅದು ಬಸವಣ್ಣನ ವಾರ. ನೇಗಿಲು ಮುಟ್ಟುವುದಿಲ್ಲ, ಚಕ್ಕಡಿ ಹೂಡುವುದಿಲ್ಲ. ಎತ್ತಿನ ಮೈ ತೊಳೆದು ಬಿಟ್ಟಿರುತ್ತಾರೆ. ವಾರದ ಏಳು ದಿನಗಳಲ್ಲಿ ಊರ ಎತ್ತುಗಳಿಗೂ ರೈತರಿಗೂ ಒಟ್ಟಿಗೇ ಕೆಲಸವಿಲ್ಲದ ದಿನ ಅದೊಂದೇ. ಸಾಹೇಬರು ಹುಡುಕಿ ಅದನ್ನೇ ಆರಿಸಿಕೊಂಡಿದ್ದರು.

ಸೋಮವಾರ ಬೆಳಿಗ್ಗೆ ಜೀಪು, ಅದರ ಹಿಂದೆ ಹೊಸ ಕಲ್ಲು ಮತ್ತು ಹಾರೆಗಳನ್ನು ಹೇರಿದ ಟ್ರಕ್ಕು ಬಂದಾಗ ರಸ್ತೆ ಕಾಣುತ್ತಿರಲಿಲ್ಲ. ತೊಳೆದ ಎತ್ತುಗಳು, ಆಕಳು, ಹೋರಿ, ಎಮ್ಮೆ, ಕರುಗಳು ಕಲ್ಲಿನ ಸುತ್ತ ನೆರೆದಿದ್ದವು. ಇನ್ನೂರು ಇದ್ದವೆಂದು ನೆನಪು ಹೇಳುತ್ತದೆ. ಆ ಊರಲ್ಲಿ ಅಷ್ಟು ದನಗಳೇ ಇರಲಿಲ್ಲ ಎಂದು ಅಕ್ಕ ಹೇಳುತ್ತಾಳೆ. ಬಹಳ ಇದ್ದವು, ಬಿಡಿ. ಸಾಹೇಬರು ಹಾರ್ನು ಹೊಡೆದರು. ಒಂದು ಎತ್ತು ತಿರುಗಿ ನೋಡಿ ಜೀಪಿನ ಮೂತಿಯನ್ನು ನಿಧಾನವಾಗಿ ನೆಕ್ಕಿತು.

“ಹೊಡಕೊಂಡು ಹೋಗ್ರಿ ಇವನ್ನ!”

“ಇವತ್ತ ಅವಕ್ಕ ಸೂಟಿ ಐತ್ರಿ ಸಾಹೇಬ್ರ,” ಎಂದ ಯಾರೋ. “ನಾವು ಹೇಳಿದ್ರ ಕೇಳಂಗಿಲ್ಲ.”

ಸಾಹೇಬರು ಇಳಿದರು. ರಜಿಸ್ಟರನ್ನು ಎದೆಗವಚಿಕೊಂಡು ಕೊಂಬುಗಳ ನಡುವೆ ದಾರಿ ಮಾಡಿಕೊಳ್ಳುತ್ತ ಬಂದರು. ದಾರಿ ಇದ್ದದ್ದು ಹೊಲದ ಕಡೆಯಿಂದ ಮಾತ್ರ. ಹಾಗಾಗಿ ಮೊದಲ ಬಾರಿ ಅವರು ಕಲ್ಲಿನ ಮುಂದಕ್ಕೆ ಬಂದು ನಿಂತರು. ನೀಲವ್ವ ಅಲ್ಲಿಯೇ ಇದ್ದಳು.

“ಸಾಹೇಬ್ರ, ಇಲ್ಲೀಮಟ ನೀವು ಇವನ ಬೆನ್ನ ನೋಡೀರಿ. ಒಮ್ಮೆ ಮಾರಿ ನೋಡ್ರಿ. ಆಮ್ಯಾಲ ಒಡೀರಿ, ನಾ ಬ್ಯಾಡ ಅನ್ನಂಗಿಲ್ಲ.”

ಅಕ್ಷರಗಳಲ್ಲಿ ಜೋಳದ ಹಿಟ್ಟು ಇನ್ನೂ ಬೆಳ್ಳಗಿತ್ತು. ಸಾಹೇಬರು ಕುಕ್ಕರುಗಾಲಿನಲ್ಲಿ ಕೂತರು. ಕಲ್ಲಿನ ಆಕಳುಗಳನ್ನು ನೋಡಿದರು. ತಲೆಯೆತ್ತಿ, ತಮ್ಮ ಕಿವಿಯ ಹತ್ತಿರ ಉಸಿರು ಬಿಡುತ್ತಿದ್ದ ಆಕಳನ್ನು ನೋಡಿದರು. ಮತ್ತೆ ಕಲ್ಲನ್ನು ನೋಡಿದರು. “ಕೊಂಬು ಹಿಂಗೇ ಅದಾವಲ್ಲ!” ಎಂದರು. ಆಮೇಲೆ ನನ್ನ ಕಡೆ ತಿರುಗಿ, “ಓದ್ರಿ. ತಿಳಿದಷ್ಟೇ ಓದ್ರಿ. ತಿಳೀದಲ್ಲೆ ತಿಳಿಯೂದಿಲ್ಲ ಅನ್ರಿ” ಎಂದರು.

ಅಷ್ಟು ಒಳ್ಳೆಯ ಪಾಠವನ್ನು ನನಗೆ ಯಾರೂ ಹೇಳಿರಲಿಲ್ಲ. ಓದಿದೆ. ತಂದೆಯ ಪುರಾಣದ ದನಿಯಲ್ಲಿ ಅಲ್ಲ, ನನ್ನದೇ ಸಣ್ಣ ದನಿಯಲ್ಲಿ. ನಾಲ್ಕು ಕಡೆ “ಇಲ್ಲಿ ತಿಳಿಯೂದಿಲ್ಲ” ಎಂದೆ. ಹೆಸರಿನ ಕಡೆ ಬಂದಾಗ ಬೆರಳಿಟ್ಟು ಚಕ್ಕೆ ಎದ್ದ ಜಾಗ ತೋರಿಸಿದೆ. ಗ್ಯಾಂಗಿನವರೂ ಹಾರೆ ಊರಿಕೊಂಡು ಕೇಳಿದರು.

ಸಾಹೇಬರು ಬಹಳ ಹೊತ್ತು ರಜಿಸ್ಟರ್ ತಿರುವಿದರು. ಆಮೇಲೆ ಯಾರಿಗೋ ಸಾಕ್ಷಿ ಹೇಳುವವರಂತೆ ಗಟ್ಟಿಯಾಗಿ ಹೇಳಿದರು: “ಕೀಳಬೇಕು ಅಂತ ಆರ್ಡರ್ ಅದ. ಕೀಳತೀನಿ. ಮೈಲಿಗಲ್ಲು ಒಡ್ದು ಖಡಿ ಮಾಡಬೇಕು ಅಂತ ಅದ. ನಾ ಕಣ್ಣಾರೆ ನೋಡೀನಿ, ಇದು ಮೈಲಿಗಲ್ಲಲ್ಲ. ಹಂಗಂತ ಬರೀತೀನಿ, ಸಹಿ ಮಾಡ್ತೀನಿ. ಇನ್ನ ಕಿತ್ತ ಕಲ್ಲನ್ನ ಮಾರಿ ರಸ್ತಾದ ಕಡೆ ಮಾಡಿ ಮತ್ತ ಹುಗೀಬಾರದು ಅಂತ ಎಲ್ಲೂ ಬರದಿಲ್ಲ. ಏನ ಫಕೀರಪ್ಪ?”

ಫಕೀರಪ್ಪ ಸುತ್ತಿಗೆಯನ್ನು ದೂರ ಹೊಲದೊಳಕ್ಕೆ ಎಸೆದ. ಜನ ಹೋ ಎಂದು ಕೂಗಿದರು. ದನಗಳು ಬೆದರಿ ಎರಡು ಹೆಜ್ಜೆ ಸರಿದು ಮತ್ತೆ ನಿಂತವು.

ಹಾರೆ ಹಾಕಿ ಕಲ್ಲನ್ನು ಸಡಿಲಿಸಿದರು, ಹಗ್ಗ ಬಿಗಿದರು. ಭಾರಕ್ಕೆ ಅದು ಅಲುಗಲಿಲ್ಲ. “ಇಷ್ಟ ಎತ್ತು ಅದಾವು, ಎರಡು ಜೋಡಿ ಹೂಡ್ರಲಾ!” ಎಂದರು ಸಾಹೇಬರು.

“ಸೋಮವಾರ್ರಿ ಸಾಹೇಬ್ರ!” ಎಂದು ಇಡೀ ಊರು ಒಂದೇ ದನಿಯಲ್ಲಿ ಹೇಳಿತು.

ಹಾಗಾಗಿ ಎತ್ತುಗಳು ನಿಂತು ನೋಡಿದವು, ನಾವು ಎಳೆದೆವು. ಒಂದು ಹಗ್ಗಕ್ಕೆ ಫಕೀರಪ್ಪ, ಭಾವ, ಗ್ಯಾಂಗಿನವರು. ಇನ್ನೊಂದಕ್ಕೆ ನಾನು, ನೀಲವ್ವ, ಸೆರಗು ಬಿಗಿದು ಬಂದ ಅಕ್ಕ. ಸ್ವಲ್ಪ ಹೊತ್ತಿಗೆ ರಜಿಸ್ಟರನ್ನು ಜೀಪಿನ ಮೇಲಿಟ್ಟು ಸಾಹೇಬರೂ ಹಗ್ಗ ಹಿಡಿದರು. ಕಲ್ಲು ಎದ್ದಿತು, ಗಾಣ ತಿರುಗಿದ ಹಾಗೆ ತಿರುಗಿತು, ತಾನಿದ್ದ ಕುಣಿಯಲ್ಲೇ ರಸ್ತೆಗೆ ಮುಖ ಮಾಡಿ ನಿಂತಿತು. ಆಕಳುಗಳೂ ಅಕ್ಷರಗಳೂ ನೆಲದ ಮೇಲೆಯೇ ಇರುವಂತೆ ಫಕೀರಪ್ಪ ಕುಣಿಯನ್ನು ಅಳೆದು ತುಂಬಿದ. ಹೊಲದ ಕಡೆಗೆ ಹೋದ ಅಂಕಿಯನ್ನು ಕೆರೆದು ತೆಗೆಯಲೇ ಎಂದು ಗ್ಯಾಂಗಿನವನೊಬ್ಬ ಕೇಳಿದಾಗ ನೀಲವ್ವ ಬಿಡಲಿಲ್ಲ. “ಇರ್ಲಿ ಬಿಡಪಾ. ಇಷ್ಟ ವರ್ಷ ಸರ್ಕಾರದ ಕೆಲಸಾ ಮಾಡ್ಯಾನ.”

ಅಷ್ಟರಲ್ಲಿ ಸವದತ್ತಿಯಿಂದ ಬಂದ ರಾಮದುರ್ಗದ ಬಸ್ಸು ದನಗಳ ಹಿಂದೆ ಸಿಕ್ಕಿಕೊಂಡು ನಿಂತಿತ್ತು. ಜನ ಕಿಟಕಿಯಿಂದ ತಲೆ ಹೊರಗೆ ಹಾಕಿದ್ದರು. ಡ್ರೈವರ್ ಇಳಿದು ಬಂದ. ಆ ರಸ್ತೆಯಲ್ಲಿ ವರ್ಷಗಟ್ಟಲೆ ಬಸ್ಸು ಹೊಡೆದವನು. ವೀರನನ್ನು ಮೇಲಿಂದ ಕೆಳಗೆ ನೋಡಿ, “ಯಾವಾಗ ಬಂದನ್ರಿ ಇಂವ ಇಲ್ಲಿಗೆ?” ಎಂದು ಕೇಳಿದ.

ಎಲ್ಲರೂ ನನ್ನ ಕಡೆ ನೋಡಿದರು. ನಾನು ಫಕೀರಪ್ಪನ ಕಡೆ ನೋಡಿದೆ. ಅವನು ಕೈಯ ಮಣ್ಣು ಕೊಡವಿಕೊಂಡು ಮುಂದೆ ಬಂದ. ಬಸ್ಸಿನ ಕಡೆಗೆ ತಿರುಗಿ, ಕೊನೆಯ ಸೀಟಿನವರಿಗೂ ಕೇಳುವಂತೆ ಶುರುಮಾಡಿದ. ಕಳ್ಳರು ಹೇಗೆ ಬಂದರು, ದನಗಳನ್ನು ಯಾವ ಹಳ್ಳ ದಾಟಿಸಿದರು, ಊಟಕ್ಕೆ ಕೂತಿದ್ದವನು ಹೇಗೆ ಕೈ ತೊಳೆಯದೆ ಎದ್ದು ಓಡಿದ, ಎಲ್ಲ. ಕಲ್ಲಿನಲ್ಲಿ ಅದರ ಅರ್ಧವೂ ಇರಲಿಲ್ಲ. ನಾನು ಬಾಯಿ ಬಿಗಿಹಿಡಿದು ನಿಂತಿದ್ದೆ. ಆದರೆ ಅವನು ಕೊನೆಗೆ, “ಹಂಗ ಬಡದಾಡಿ, ಏಳೂ ಆಕಳಾ ಬಿಡಿಸಿ ಕಳಿಸಿ, ತಾ ಇಲ್ಲಿ ಬಿದ್ದ ನೋಡ್ರಿ” ಎಂದಾಗ ತಡೆಯಲಾಗಲಿಲ್ಲ. ಸುಳ್ಳು ಬರೆದು ನಾಚಿದವನು ನಾನು.

“ಐದು, ಫಕೀರಪ್ಪ,” ಎಂದೆ ಮೆಲ್ಲಗೆ. “ಕಲ್ಲಿನ ಮ್ಯಾಲ ಇರೂದು ಐದು.”

ಬಸ್ಸಿಗೆ ಬಸ್ಸೇ ಕಲ್ಲಿನ ಕಡೆ ಬಗ್ಗಿ ಎಣಿಸತೊಡಗಿತು. ಫಕೀರಪ್ಪ ಒಂದಿಷ್ಟೂ ವಿಚಲಿತನಾಗಲಿಲ್ಲ. ರಸ್ತೆಯ ತುಂಬ ನಿಂತಿದ್ದ ದನಗಳ ಮೇಲೆ ಒಮ್ಮೆ ಕೈಯಾಡಿಸಿ ತೋರಿಸಿದ.

“ಕಲ್ಲಿನ್ಯಾಗ ಹಿಡಿಸಿದ್ದು ಐದ್ರಿ ರಾಯರ. ಉಳಿದಾವು ಹಿಂದ ಬರಾಕ ಹತ್ಯಾವು.”